ನಾವೇ ಬರೆದ ಮನೆ ನಕ್ಷೆ ವಾಪಸ್ ಬಂದದ್ದೇಕೆ?

ಪ್ರಶ್ನೆ: ನಾನು ಗಣಿತ ಮೇಷ್ಟ್ರು. 12 ಮೀಟರ್ ಅಗಲ, 18 ಮೀಟರ್ ಉದ್ದದ ನಿವೇಶನದಲ್ಲಿ ಎರಡಂತಸ್ತಿನ ಮನೆ ಕಟ್ಟಲು ನಾನೂ ನನ್ನ ಹೆಂಡತಿಯೂ ಕಂಪ್ಯೂಟರಿನಲ್ಲಿ ನಾವೇ ನಕ್ಷೆ ಮಾಡಿಕೊಂಡೆವು. ನಮ್ಮ ಸ್ಥಳೀಯ ಸಂಸ್ಥೆಯ ನಿಯಮದಂತೆ ನಿವೇಶನದ ಶೇ 60ರಷ್ಟು ಜಾಗದಲ್ಲಿ ಕಟ್ಟಬಹುದು. ನಾವು ಶೇ 59.6ಕ್ಕೇ ನಿಲ್ಲಿಸಿದ್ದೇವೆ. ಮುಂದೆ 3, ಹಿಂದೆ 2 ಮೀಟರ್ ಬಿಟ್ಟಿದ್ದೇವೆ. ಆದರೂ ಅರ್ಜಿ ವಾಪಸ್ ಬಂದಿದೆ. ‘ಪಕ್ಕದ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ಕಡಿಮೆ, ಹಿಂಬದಿ ಮನೆಯ ಬೆಳಕಿಗೆ ಅಡ್ಡಿ, ಮೆಟ್ಟಿಲು ನಿಯಮಕ್ಕೆ ಹೊಂದುವುದಿಲ್ಲ, ನಿವೇಶನ ನಕ್ಷೆ ಅಪೂರ್ಣ’ ಎಂದು ಷರಾ ಬರೆದಿದ್ದಾರೆ. ಅಷ್ಟೊಂದು ಬಣ್ಣದ ತ್ರೀಡಿ ಚಿತ್ರ ಕೊಟ್ಟಿದ್ದೆವು, ಅವನ್ನು ನೋಡಿದಂತೆಯೇ ಇಲ್ಲ. ನಾವು ಆರ್ಕಿಟೆಕ್ಟ್ ಅಲ್ಲವೆಂದು ಹೀಗೆ ಮಾಡಿದರೇ? ಈಗ ಆರ್ಕಿಟೆಕ್ಟ್ ಹಿಡಿಯಲೇಬೇಕೇ? ನಕ್ಷೆಗಳ ಪ್ರತಿ ಕಳಿಸಿದ್ದೇನೆ.

ಉತ್ತರ: ನಿಮ್ಮ ನಕ್ಷೆಗಳನ್ನು ಪೂರ್ತಿ ನೋಡಿದೆ. ಮನೆ ಚೆನ್ನಾಗಿದೆ. ಅಡುಗೆಮನೆಯಿಂದ ಹಿತ್ತಲಿಗೆ ಬೆಳಕು ಹಾಯುವ ಹಾಗೆ ಬಾಗಿಲು ಇಟ್ಟದ್ದನ್ನು ಅನುಭವಿಗಳೂ ಮೆಚ್ಚುತ್ತಾರೆ. ಆದರೆ ನಕ್ಷೆ ಪರಿಶೀಲಿಸುವ ಅಧಿಕಾರಿಗೆ ಅದನ್ನು ಮೆಚ್ಚುವ ಕೆಲಸವಿಲ್ಲ. ನಿಮ್ಮ ಸೋಫಾ ಎಲ್ಲಿ ಬರುತ್ತದೆ ಎಂಬುದು ಅವರಿಗೆ ಬೇಡ. ನಿಮ್ಮ ಗೋಡೆಯ ಆಚೆ ಏನಾಗುತ್ತದೆ ಎಂಬುದು ಬೇಕು: ಪಕ್ಕದವರ ಗಾಳಿ ಬೆಳಕು, ರಸ್ತೆ, ಮಳೆನೀರು, ಬೆಂಕಿ. ಒಳಗಿನ ವಿಚಾರಕ್ಕೆ ಅವರು ತಲೆ ಹಾಕುವುದು ಆರೋಗ್ಯ, ಸುರಕ್ಷತೆಯ ಮಟ್ಟಿಗೆ ಮಾತ್ರ. ನೀವು ಮನೆಯನ್ನು ಒಳಗಿನಿಂದ ಹೊರಕ್ಕೆ ಯೋಚಿಸಿದ್ದೀರಿ, ಅವರು ಹೊರಗಿನಿಂದ ಒಳಕ್ಕೆ ಓದುತ್ತಾರೆ. ಸ್ವಂತವಾಗಿ ನಕ್ಷೆ ಮಾಡಿಕೊಂಡ ಬಹುಪಾಲು ಅರ್ಜಿಗಳು ಎಡವುವುದು ಇಲ್ಲೇ. ಆರ್ಕಿಟೆಕ್ಟ್ ಅಲ್ಲವೆಂಬ ಕಾರಣಕ್ಕೆ ನಿಮ್ಮದನ್ನು ವಾಪಸ್ ಕಳಿಸಿಲ್ಲ. ಷರಾದ ನಾಲ್ಕು ಅಂಶಗಳೂ ನ್ಯಾಯವಾಗಿವೆ.

ಮೊದಲು ಸೆಟ್‌ಬ್ಯಾಕ್. ನಿಮ್ಮ ನಿವೇಶನ 216 ಚದರ ಮೀಟರ್. ಶೇ 60 ಅಂದರೆ 129.6. ನೀವು 9.9 ಮೀಟರ್ ಅಗಲ, 13 ಮೀಟರ್ ಉದ್ದ ಹಿಡಿದು 128.7ಕ್ಕೆ ತಂದಿದ್ದೀರಿ. ಲೆಕ್ಕ ಸರಿ, ಗಣಿತ ಮೇಷ್ಟ್ರ ಲೆಕ್ಕವೇ. ಆದರೆ ಅದೇ ನಿಯಮಾವಳಿಯಲ್ಲಿ ಎರಡೂ ಪಕ್ಕ ತಲಾ ಒಂದೂವರೆ ಮೀಟರ್ ಬಿಡಬೇಕೆಂದಿದೆ. ನಿಮ್ಮಲ್ಲಿ ಉಳಿದಿರುವುದು 1.05. ಎಲ್ಲ ಸೆಟ್‌ಬ್ಯಾಕ್ ಕಳೆದರೆ ಕಟ್ಟಲು ಸಿಗುವುದು 9 ಮೀಟರ್‌ಗೆ 13 ಮೀಟರ್, ಅಂದರೆ 117 ಚದರ ಮೀಟರ್. ‘ಹಾಗಾದರೆ ಶೇ 60 ಎಂದು ಯಾಕೆ ಬರೆದಿದ್ದಾರೆ?’ ಎಂದು ಕೇಳುತ್ತೀರಿ. ಕವರೇಜ್ (ನಿವೇಶನದಲ್ಲಿ ಕಟ್ಟಡ ಆವರಿಸುವ ಪಾಲು), ಸೆಟ್‌ಬ್ಯಾಕ್, ಎಫ್‌ಎಆರ್ (ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಎಂಬ ಲೆಕ್ಕ), ಎತ್ತರ, ಇವು ನಾಲ್ಕೂ ಬೇರೆ ಬೇರೆ ಮಿತಿಗಳು. ಇವುಗಳಲ್ಲಿ ಒಂದನ್ನು ಪಾಲಿಸಿದರೆ ಇನ್ನೊಂದಕ್ಕೆ ವಿನಾಯಿತಿ ಇಲ್ಲ. ನಿಮ್ಮ ನಿವೇಶನದ ಮೇಲೆ ಯಾವುದು ಹೆಚ್ಚು ಬಿಗಿಯಾಗಿ ಬೀಳುತ್ತದೋ ಅದೇ ಮಾತು ನಡೆಯುತ್ತದೆ. ಸಣ್ಣ ಸೈಟುಗಳಲ್ಲಿ ಸಾಮಾನ್ಯವಾಗಿ ಸೆಟ್‌ಬ್ಯಾಕೇ ಗೆಲ್ಲುತ್ತದೆ. ಆದ್ದರಿಂದ ಒಂದು ಕೋಣೆಯನ್ನೂ ಬರೆಯುವ ಮೊದಲೇ ಖಾಲಿ ಸೈಟಿನ ಮೇಲೆ ಈ ಗೆರೆಗಳನ್ನು ಎಳೆದುಕೊಳ್ಳಬೇಕು. ಸಜ್ಜಾ, ಬಾಲ್ಕನಿ, ಹೊರಗಿನ ಮೆಟ್ಟಿಲು ಸೆಟ್‌ಬ್ಯಾಕಿನೊಳಗೆ ಎಷ್ಟು ಚಾಚಬಹುದು ಎಂಬುದು ಊರಿಂದೂರಿಗೆ ಬೇರೆ. ನಿಯಮಾವಳಿಯ ಆ ಪುಟವನ್ನು ಕೇಳಿ ಪಡೆಯಿರಿ.

ಪ್ರತಿ ಅಂತಸ್ತಿಗೆ 11.7 ಚದರ ಮೀಟರ್ ಕಳೆದುಕೊಳ್ಳುತ್ತೀರಿ, ನಿಜ. ನಿಮ್ಮ ನಕ್ಷೆಯ ನಡುವೆ 1.2 ಮೀಟರ್ ಅಗಲದ, 9 ಮೀಟರ್ ಉದ್ದದ ಓಣಿ ಇದೆಯಲ್ಲ, ಅದೇ 10.8 ಚದರ ಮೀಟರ್. ಕೋಣೆಗಳ ಬಾಗಿಲು ನೇರ ನಡುಮನೆಗೆ ತೆರೆಯುವಂತೆ ತಿರುಗಿಸಿದರೆ ಆ ಓಣಿಯೇ ಬೇಡ. ಮನೆ ಚಿಕ್ಕದಾಯಿತು ಅನ್ನಿಸುವುದೂ ಇಲ್ಲ.

ಇನ್ನು ಬೆಳಕು. ಅಧಿಕಾರಿ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಮಾಡಿರುವುದು ನಿಮ್ಮ ಮನೆಯನ್ನಲ್ಲ, ತಾರಸಿಯ ಮೇಲಿನ ಮೆಟ್ಟಿಲ ಕೋಣೆಯನ್ನು. ಅದು ಹಿಂಗೋಡೆಗೆ ಅಂಟಿಕೊಂಡು 9 ಮೀಟರ್ ಎತ್ತರಕ್ಕೆ ನಿಂತಿದೆ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಬಿಆರ್‌ಇ ಸೂಚಿಸುವ ಒಂದು ಸರಳ ಪರೀಕ್ಷೆ ಇದೆ, ನೀವೇ ಮಾಡಿ ನೋಡಬಹುದು. ನಿಮ್ಮ ಕಡೆಗೆ ಮುಖ ಮಾಡಿರುವ ಪಕ್ಕದವರ ಕೆಳಗಿನ ಕಿಟಕಿಯ ನಡುಮಧ್ಯದಿಂದ ಸಮತಲಕ್ಕೆ 25 ಡಿಗ್ರಿ ಕೋನದಲ್ಲಿ ಮೇಲಕ್ಕೊಂದು ಗೆರೆ ಎಳೆಯಿರಿ. ನಿಮ್ಮ ಕಟ್ಟಡ ಆ ಗೆರೆಯ ಕೆಳಗೇ ಉಳಿದರೆ ಅವರ ಬೆಳಕಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ದಾಟಿದರೆ ವಿವರವಾದ ಲೆಕ್ಕ ಬೇಕಾಗುತ್ತದೆ. ನಿಮ್ಮ ಹಿಂಬದಿ ಮನೆಯ ಕಿಟಕಿಯ ನಡು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ, ನಿಮ್ಮ ಹಿಂಗೋಡೆಯಿಂದ 12 ಮೀಟರ್ ದೂರ. ಗೆರೆ ನಿಮ್ಮ ಗೋಡೆಗೆ ತಾಗುವುದು 7.1 ಮೀಟರ್ ಎತ್ತರದಲ್ಲಿ. ನಿಮ್ಮ ಪ್ಯಾರಪೆಟ್ 7 ಮೀಟರಿಗೆ ಮುಗಿಯುತ್ತದೆ, ಕೂದಲೆಳೆಯಲ್ಲಿ ಪಾರು. ಮೆಟ್ಟಿಲ ಕೋಣೆ ಮಾತ್ರ ಗೆರೆಯನ್ನು ಹೆಚ್ಚುಕಡಿಮೆ ಎರಡು ಮೀಟರ್ ಮೀರುತ್ತದೆ. ಅದನ್ನೇ 9 ಮೀಟರ್ ಮುಂದಕ್ಕೆ, ರಸ್ತೆಯ ಕಡೆಗೆ ತಂದರೆ ಆ ಜಾಗದಲ್ಲಿ ಗೆರೆ 11.3 ಮೀಟರ್ ಮೇಲೆ ಹಾಯುತ್ತದೆ, ತಕರಾರೇ ಇಲ್ಲ. ಎಲ್ಲ ಕಡೆಯೂ ಇದೇ ಪರೀಕ್ಷೆ ಇರುವುದಿಲ್ಲ. ಕೆಲವೆಡೆ ಸೆಟ್‌ಬ್ಯಾಕ್ ಬಿಟ್ಟರೆ ಸಾಕು. ಆದರೂ ಈ ಗೆರೆ ಎಳೆದ ಒಂದು ಹಾಳೆಯನ್ನು ಅರ್ಜಿಯೊಂದಿಗೆ ಲಗತ್ತಿಸಿ. ಬಣ್ಣದ ಚಿತ್ರದ ಕಟ್ಟಿಗಿಂತ ಅದರ ತೂಕ ಹೆಚ್ಚು.

ಈ ನಿಯಮಗಳೆಲ್ಲ ಯಾರದೋ ಕಿರಿಕಿರಿಯಿಂದ ಹುಟ್ಟಿದವಲ್ಲ. 1666ರಲ್ಲಿ ಲಂಡನ್ ಹೊತ್ತಿ ಉರಿದ ಮೇಲೆ ಬಂದ ಕಾನೂನು ಮರದ ಗೋಡೆಯನ್ನು ಬಿಟ್ಟು ಇಟ್ಟಿಗೆ, ಕಲ್ಲಿನಲ್ಲೇ ಕಟ್ಟಿ ಎಂದಿತು. ನ್ಯೂಯಾರ್ಕಿನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಎಲ್ಲಿಯೂ ಹಿಂದೆ ಸರಿಯದೆ ನೆಟ್ಟಗೆ ಮೇಲೆದ್ದು ಸುತ್ತಲಿನ ಬೀದಿಗಳನ್ನು ನೆರಳಿನಲ್ಲಿ ಮುಳುಗಿಸಿತು; ಮರುವರ್ಷವೇ ಆ ನಗರ ವಲಯ ನಿಯಮ ತಂದು, ಎತ್ತರಕ್ಕೆ ಹೋದ ಹಾಗೆ ಕಟ್ಟಡ ಹಿಂದೆ ಸರಿಯಬೇಕೆಂದಿತು.

ಮೆಟ್ಟಿಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಸ್ವಂತ ನಕ್ಷೆಗಳಲ್ಲಿ ಮೆಟ್ಟಿಲು ಯಾವಾಗಲೂ ಮೋಟಾಗಿರುತ್ತದೆ. ಎಲ್ಲ ಕೋಣೆಗಳೂ ಕೂತ ಮೇಲೆ ಉಳಿದ ಜಾಗದಲ್ಲಿ ಅದನ್ನು ತುರುಕುತ್ತೇವೆ. ನಿಮ್ಮಲ್ಲಿ ಒಂದು ಅಂತಸ್ತಿನಿಂದ ಇನ್ನೊಂದಕ್ಕೆ 3 ಮೀಟರ್, ಅದನ್ನು 13 ಏರಿನಲ್ಲಿ ಮುಗಿಸಿದ್ದೀರಿ. ಒಂದೊಂದು ಏರು 230 ಮಿಲಿಮೀಟರ್ ಮೇಲಾಗುತ್ತದೆ. ಇಂಗ್ಲೆಂಡಿನ ನಿಯಮದಲ್ಲಿ ಮನೆಯೊಳಗಿನ ಮೆಟ್ಟಿಲಿಗೆ 220 ಗರಿಷ್ಠ, ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಮನೆಗೆ 190. ಎರಡರಲ್ಲೂ ನಿಮ್ಮದು ಫೇಲು. ಕಾಗದದ ಮೇಲೆ 230ಕ್ಕೂ 190ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಮಂಡಿನೋವಿನ ಹಿರಿಯರಿಗೆ, ಕೈಯಲ್ಲಿ ಮಗು ಹಿಡಿದು ಇಳಿಯುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. 16 ಏರು ಮಾಡಿ, ಒಂದೊಂದು 187.5 ಬರುತ್ತದೆ. ತುಳಿಯುವ ಹಲಗೆ 250 ಇಡಿ. ಹದಿನೇಳನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಬ್ಲಾಂಡೆಲ್ ಹೇಳಿದ ಸೂತ್ರ ಇವತ್ತಿಗೂ ನಡೆಯುತ್ತದೆ: ಏರಿನ ಎರಡು ಪಟ್ಟಿಗೆ ತುಳಿಯನ್ನು ಕೂಡಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು. ನಿಮ್ಮದು 625 ಮಿಲಿಮೀಟರ್ ಆಗುತ್ತದೆ, ಹದವಾಗಿದೆ. ಆದರೆ ಮೆಟ್ಟಿಲು ನೆಲದ ಮೇಲೆ ಹಿಡಿಯುವ ಒಟ್ಟು ಉದ್ದ 3.75 ಮೀಟರಿಗೆ ಹಿಗ್ಗುತ್ತದೆ, ಈಗಿರುವುದು 2.64. ಹೇಗೂ ಬೆಳಕಿನ ಕಾರಣಕ್ಕೆ ಮೆಟ್ಟಿಲನ್ನು ಮುಂದಕ್ಕೆ ತರುತ್ತಿದ್ದೀರಲ್ಲ, ಆಗಲೇ ಈ ಉದ್ದವನ್ನೂ ಹೊಂದಿಸಿಕೊಳ್ಳಿ.

ಷರಾದಲ್ಲಿ ಇಲ್ಲದಿದ್ದರೂ ಒಂದು ಮಾತು. ಮೇಲಂತಸ್ತಿನ ಮಲಗುವ ಕೋಣೆಗಳ ಕಿಟಕಿಗಳಿಗೆಲ್ಲ ಸ್ಥಿರವಾದ ಗ್ರಿಲ್ ಬರೆದಿದ್ದೀರಿ. ಬೆಂಕಿ ಬಿದ್ದು ಮೆಟ್ಟಿಲು ಹೊಗೆಯಿಂದ ತುಂಬಿದರೆ ಹೊರಬರುವ ದಾರಿ ಯಾವುದು? ಇಂಗ್ಲೆಂಡಿನಲ್ಲಿ ತಪ್ಪಿಸಿಕೊಳ್ಳಲು ಬಳಸುವ ಕಿಟಕಿ ತೆರೆದಾಗ ಕನಿಷ್ಠ 0.33 ಚದರ ಮೀಟರ್ ಜಾಗ ಬಿಡಬೇಕು, ಅಗಲವೂ ಎತ್ತರವೂ 450 ಮಿಲಿಮೀಟರಿಗೆ ಕಡಿಮೆ ಇರಬಾರದು. ನಿಮ್ಮಲ್ಲಿ ಯಾರೂ ಕೇಳದಿದ್ದರೂ ಪ್ರತಿ ಕೋಣೆಯಲ್ಲಿ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ.

ನಿವೇಶನ ನಕ್ಷೆ ಅಪೂರ್ಣ ಎಂದದ್ದು ಸರಿಯಾಗಿಯೇ ಇದೆ. ನಿಮ್ಮ ಹಾಳೆಯಲ್ಲಿ ನಿಮ್ಮ ಸೈಟ್ ಬಿಟ್ಟರೆ ಲೋಕವೇ ಇಲ್ಲ. ಉತ್ತರ ದಿಕ್ಕು, ಸ್ಕೇಲು, ರಸ್ತೆಯ ಅಗಲ, ಅಕ್ಕಪಕ್ಕದ ಕಟ್ಟಡಗಳೂ ಅವುಗಳ ಕಿಟಕಿಗಳೂ, ದೊಡ್ಡ ಮರಗಳು, ವಿದ್ಯುತ್ ತಂತಿ, ಚರಂಡಿ, ಮಳೆನೀರು ಹರಿದುಹೋಗುವ ದಾರಿ, ಇಷ್ಟೂ ಬರಬೇಕು. ನೆಲದ ಮಟ್ಟವನ್ನು ಸೈಟಿನ ನಾಲ್ಕು ಮೂಲೆಯಲ್ಲೂ ರಸ್ತೆಯ ಮಧ್ಯದಲ್ಲೂ ಅಳೆಸಿ ಬರೆಸಿ. ರಸ್ತೆಗಿಂತ ಸೈಟ್ ತಗ್ಗಿದ್ದರೆ ಚರಂಡಿಗೆ ಇಳಿಜಾರು ಸಿಗುವುದಿಲ್ಲ. ಅದು ಪಾಯ ತೋಡಿದ ಮೇಲೆ ತಿಳಿಯಬಾರದು.

ಆರ್ಕಿಟೆಕ್ಟ್ ಬೇಕೇ ಎಂಬುದಕ್ಕೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಬ್ರಿಟನ್ನಿನಲ್ಲಿ ಆರ್ಕಿಟೆಕ್ಟ್ ಎಂಬ ಹೆಸರಿಗಷ್ಟೇ ಕಾನೂನಿನ ರಕ್ಷಣೆ, ನಕ್ಷೆಯನ್ನು ಯಾರು ಬೇಕಾದರೂ ಬರೆದು ಅರ್ಜಿ ಹಾಕಬಹುದು. ಫ್ರಾನ್ಸಿನಲ್ಲಿ ತನಗಾಗಿ ಮನೆ ಕಟ್ಟಿಕೊಳ್ಳುವವರಿಗೆ 150 ಚದರ ಮೀಟರ್‌ವರೆಗೆ ಆರ್ಕಿಟೆಕ್ಟ್ ಕಡ್ಡಾಯವಲ್ಲ. ಭಾರತದ ನಗರಗಳಲ್ಲಿ ಸಾಮಾನ್ಯವಾಗಿ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಸಹಿ ಇಲ್ಲದ ನಕ್ಷೆಯನ್ನು ತೆಗೆದುಕೊಳ್ಳುವುದಿಲ್ಲ. ನಿಮ್ಮ ಅರ್ಜಿ ಒಳಗೆ ಹೋಗಿ ಷರಾ ಸಮೇತ ಹೊರಬಂದಿದೆ ಅಂದ ಮೇಲೆ ನಿಮ್ಮಲ್ಲಿ ಆ ಅಡ್ಡಿ ಇರಲಾರದು. ಆದರೂ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಕಾನೂನು ಕೇಳಲಿ ಬಿಡಲಿ, ಸ್ಟ್ರಕ್ಚರಲ್ ಎಂಜಿನಿಯರ್ ಅಂತೂ ಬೇಕೇ ಬೇಕು. ನಿಮ್ಮ ನಡುಮನೆಯ ಮೇಲೆ ಕಂಬವಿಲ್ಲದೆ 6 ಮೀಟರ್ ಹಾಯುವ ತೊಲೆ ಇದೆ. ಅದರ ಆಳ, ಕಬ್ಬಿಣ ಎಷ್ಟೆಂದು ಇಂಟರ್ನೆಟ್ ನೋಡಿ ತೀರ್ಮಾನಿಸುವುದಲ್ಲ. ಹಣ ಉಳಿಸಬೇಕಿದ್ದರೆ ಟೈಲ್ಸ್‌ನಲ್ಲಿ ಉಳಿಸಿ.

ಮತ್ತೆ ಸಲ್ಲಿಸುವಾಗ ಷರಾದ ಕ್ರಮಸಂಖ್ಯೆಗೆ ಸರಿಯಾಗಿ ಒಂದು ಪುಟದ ಉತ್ತರ ಬರೆಯಿರಿ: ಈ ಅಂಶಕ್ಕೆ ಈ ಹಾಳೆಯಲ್ಲಿ ಈ ಬದಲಾವಣೆ ಎಂದು. ಬದಲಾದ ಜಾಗಕ್ಕೆ ನಕ್ಷೆಯಲ್ಲಿ ಮೋಡದಾಕಾರದ ಗೆರೆ ಸುತ್ತಿ, ಮೂಲೆಯಲ್ಲಿ ಪರಿಷ್ಕರಣೆಯ ಸಂಖ್ಯೆ ಮತ್ತು ತಾರೀಖು ಹಾಕಿ. ಅದಕ್ಕೂ ಮೊದಲು ಪೆನ್ಸಿಲ್ ನಕ್ಷೆ ಹಿಡಿದುಕೊಂಡು ಅಧಿಕಾರಿಯನ್ನೊಮ್ಮೆ ಕಂಡು ಬನ್ನಿ. ಎಷ್ಟೋ ಕಚೇರಿಗಳಲ್ಲಿ ಅರ್ಜಿಪೂರ್ವ ಸಲಹೆಗೆಂದೇ ವ್ಯವಸ್ಥೆ ಇರುತ್ತದೆ, ಜನ ಕೇಳುವುದಿಲ್ಲ ಅಷ್ಟೇ.

ಪ್ರಶ್ನೆ: ನಮ್ಮ ಹೊಸ ಮನೆಯ ಅರ್ಜಿಗೆ ಪಕ್ಕದವರು ಲಿಖಿತ ಆಕ್ಷೇಪಣೆ ಕೊಟ್ಟಿದ್ದಾರೆ. ‘ನಮ್ಮ ಮನೆಯಿಂದ ಕಾಣುತ್ತಿದ್ದ ಬೆಟ್ಟ ಕಾಣದಂತಾಗುತ್ತದೆ, ಮನೆಯ ಬೆಲೆ ಇಳಿಯುತ್ತದೆ, ಅವರ ಬಾತ್‌ರೂಮ್ ಕಿಟಕಿ ನಮ್ಮ ಅಂಗಳಕ್ಕೆ ತೆರೆಯುತ್ತದೆ’ ಎಂದಿದ್ದಾರೆ. ಮಂಜೂರಾತಿ ನಿಂತುಹೋಗುತ್ತದೆಯೇ?

ಉತ್ತರ: ಆಕ್ಷೇಪಣೆ ಬಂದ ಮಾತ್ರಕ್ಕೆ ನಿಲ್ಲುವುದಿಲ್ಲ. ನೋಟ ತಪ್ಪುತ್ತದೆ, ಬೆಲೆ ಇಳಿಯುತ್ತದೆ ಎಂಬ ಎರಡನ್ನೂ ಇಂಗ್ಲೆಂಡಿನ ಯೋಜನಾ ಕಾನೂನು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇರೆಡೆಯೂ ನಿಯಮದಲ್ಲಿ ಬರೆಯದ ಹೊರತು ಇವುಗಳಿಗೆ ಬಲ ಕಡಿಮೆ. ಬೆಳಕು, ಖಾಸಗಿತನ, ನೀರು ಹರಿಯುವುದು, ವಾಹನ ದಟ್ಟಣೆ, ಇಂಥವನ್ನು ಮಾತ್ರ ಗಂಭೀರವಾಗಿ ನೋಡುತ್ತಾರೆ. ಎಷ್ಟು ಜನ ಸಹಿ ಹಾಕಿದ್ದಾರೆ ಎಂಬುದಕ್ಕಿಂತ ಏನು ಬರೆದಿದ್ದಾರೆ ಎಂಬುದು ಮುಖ್ಯ.

ಹಾಗಾಗಿ ಮೂರನೆಯ ದೂರಿಗೆ ನೀವು ಉತ್ತರ ಕೊಡಲೇಬೇಕು. ಪರಿಹಾರ ಸುಲಭವಿದೆ: ಆಚೆ ಕಾಣದ ಮಸುಕು ಗಾಜು ಹಾಕಿ, ನೆಲದಿಂದ 1.7 ಮೀಟರ್ ಎತ್ತರದವರೆಗೆ ತೆರೆಯದಂತೆ ಮಾಡಿ. ಇಂಗ್ಲೆಂಡಿನಲ್ಲಿ ಮೇಲಂತಸ್ತಿನ ಪಕ್ಕದ ಕಿಟಕಿಗಳಿಗೆ ಬಹಳ ಕಡೆ ಇದೇ ಷರತ್ತು. ಅಧಿಕಾರಿ ಹೇಳುವ ಮೊದಲೇ ನಕ್ಷೆಯಲ್ಲಿ ತೋರಿಸಿ, ಅದರ ಪ್ರತಿಯನ್ನು ಪಕ್ಕದವರಿಗೂ ಕೊಡಿ. ಬೆಟ್ಟದ ವಿಷಯ ಮಾತಾಡಲು ಹೋಗಬೇಡಿ, ಜಗಳವಾಗುತ್ತದೆ.

ಪ್ರಶ್ನೆ: ಮಂಜೂರಾತಿ ಪತ್ರ ಬಂದಿದೆ. ಈಗ ಮೇಲಂತಸ್ತಿನಲ್ಲಿ ಒಂದು ಕಿಟಕಿ ಸರಿಸಿ ಬಾಲ್ಕನಿ ಮಾಡಿಕೊಳ್ಳಬೇಕೆಂದಿದ್ದೇವೆ. ಮೇಸ್ತ್ರಿ ‘ಕಟ್ಟಿಬಿಡೋಣ, ಆಮೇಲೆ ನೋಡಿಕೊಳ್ಳೋಣ’ ಅನ್ನುತ್ತಾರೆ.

ಉತ್ತರ: ಮೇಸ್ತ್ರಿ ಇನ್ನೊಂದು ಮನೆ ಕಟ್ಟಲು ಹೋಗುತ್ತಾರೆ, ‘ಆಮೇಲೆ ನೋಡಿಕೊಳ್ಳುವವರು’ ನೀವು. ಕಿಟಕಿ ಒಂದಿಷ್ಟು ಸರಿಸುವುದನ್ನು ಅಲ್ಪ ತಿದ್ದುಪಡಿಯೆಂದು ಒಂದು ಅರ್ಜಿಯಲ್ಲಿ ಒಪ್ಪಿಸಿಕೊಳ್ಳಬಹುದು. ಬಾಲ್ಕನಿ ಹಾಗಲ್ಲ. ಅದು ಸೆಟ್‌ಬ್ಯಾಕಿಗೂ ಪಕ್ಕದವರ ಖಾಸಗಿತನಕ್ಕೂ ತಾಗುವುದರಿಂದ ಹೊಸ ಮಂಜೂರಾತಿಯೇ ಬೇಕಾಗಬಹುದು. ಮನೆ ಮುಗಿದ ಮೇಲೆ ವಾಸಯೋಗ್ಯ ಪ್ರಮಾಣಪತ್ರಕ್ಕಾಗಿ ತಪಾಸಣೆಗೆ ಬರುವವರು ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದೇ ತಾಳೆ ನೋಡುತ್ತಾರೆ. ಸಾಲ ಕೊಟ್ಟ ಬ್ಯಾಂಕೂ, ಮುಂದೆ ಮನೆ ಕೊಳ್ಳುವವರ ವಕೀಲರೂ ಅದನ್ನೇ ಮಾಡುತ್ತಾರೆ.

ಮಂಜೂರಾತಿ ಪತ್ರದ ಹಿಂದಿನ ಪುಟವನ್ನೂ ಓದಿ. ಕೆಲಸ ಶುರುವಾಗುವ ಮೊದಲೇ ಪೂರೈಸಬೇಕಾದ ಷರತ್ತುಗಳು ಅಲ್ಲಿರುತ್ತವೆ, ಅವಧಿಯೂ ಇರುತ್ತದೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೆಲಸ ಆರಂಭಿಸದಿದ್ದರೆ ಅನುಮತಿ ರದ್ದು. ನಿಮ್ಮಲ್ಲಿ ಎಷ್ಟೆಂದು ನೋಡಿಕೊಂಡು, ಬಾಲ್ಕನಿಯ ಅರ್ಜಿಯನ್ನು ಈ ವಾರವೇ ಹಾಕಿ. ಅದು ಇತ್ಯರ್ಥವಾಗುವವರೆಗೆ ಮೇಸ್ತ್ರಿಗೆ ಕೆಳಗಿನ ಅಂತಸ್ತಿನ ಕೆಲಸ ಸಾಕಷ್ಟಿರುತ್ತದೆ.