ಚಪ್ಪಾಳೆ ಅವರಿಗೆ, ನಿದ್ದೆಗೇಡು ನನಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನಲ್ಲಿ ಸಲಹೆ ಕೇಳಿ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ಹಲವು ವರ್ಷಗಳಿಂದ ಒಬ್ಬ ರಾಜಕೀಯ ನಾಯಕರಿಗೆ ಭಾಷಣ ಬರೆದುಕೊಡುತ್ತಿದ್ದಾರೆ. ನಿದ್ದೆ ಬರುತ್ತಿಲ್ಲ, ಮನೆಯವರ ಜೊತೆ ಮಾತೇ ಬೇಡ ಅನಿಸುತ್ತದೆ ಎಂದರು. ನಾಯಕರು ಸಂದರ್ಶನವೊಂದರಲ್ಲಿ "ನನ್ನ ಭಾಷಣ ನಾನೇ ಬರೆದುಕೊಳ್ಳುತ್ತೇನೆ" ಅಂದದ್ದು ಇದಕ್ಕೆಲ್ಲ ಕಾರಣವಂತೆ. ಇದ್ದದ್ದನ್ನು ಪತ್ರಕರ್ತರ ಮುಂದೆ ಬಿಚ್ಚಿಡಲೇ ಎಂದು ಕೇಳಿದರು.

ನನಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತೆರೆಮರೆಯಲ್ಲಿ ಉಳಿಯುವುದು ಈ ಕಸುಬಿನ ಮೊದಲ ಷರತ್ತು. ಅಮೆರಿಕದ ಅಧ್ಯಕ್ಷ ಕೆನಡಿಯ 1961ರ ಪದಗ್ರಹಣ ಭಾಷಣಕ್ಕೆ ಕೈಜೋಡಿಸಿದ್ದ ಟೆಡ್ ಸೊರೆನ್ಸನ್, "ದೇಶ ನಿಮಗೇನು ಮಾಡಬಲ್ಲದೆಂದು ಕೇಳಬೇಡಿ" ಎಂಬ ಅದರ ಪ್ರಸಿದ್ಧ ಸಾಲು ಯಾರದೆಂಬ ಪ್ರಶ್ನೆ ಬಂದಾಗಲೆಲ್ಲ ನುಣುಚಿಕೊಳ್ಳುತ್ತಿದ್ದರು. ಈಕೆಯೂ ಅದೆಲ್ಲ ತಿಳಿದೇ ಸೇರಿದವರು.

ಇತ್ತೀಚಿನ ಭಾಷಣದ ಪ್ರತಿ ತರಲು ಹೇಳಿದೆ. ದಪ್ಪ ಅಕ್ಷರ, ಉಸಿರೆಳೆದುಕೊಳ್ಳುವ ಕಡೆ ಓರೆಗೆರೆ, ಚಪ್ಪಾಳೆಗೆಂದು ಬಿಟ್ಟ ಖಾಲಿ ಜಾಗ. ಓದಿ ಎಂದೆ. ಓದಿದ್ದು ನಾಯಕರ ಧಾಟಿಯಲ್ಲೇ. ಒಂದು ಪ್ಯಾರಾ ಬಂದಾಗ ಮಾತ್ರ ಗಡಿಬಿಡಿಯಲ್ಲಿ ಓದಿ ದಾಟಿಬಿಟ್ಟರು. ಯೋಜನೆಯೊಂದಕ್ಕೆ ಮನೆ ಕಳೆದುಕೊಳ್ಳುವವರ ಕುರಿತ ಪ್ಯಾರಾ ಅದು. ಒಪ್ಪಿಗೆಯಿಲ್ಲದೆ ಯಾರನ್ನೂ ಎಬ್ಬಿಸುವುದಿಲ್ಲ ಎಂದು ಹಿಂದೆ ಅದೇ ಜನರಿಗೆ ಮಾತು ಕೊಟ್ಟ ಭಾಷಣವೂ ಇವರದು, ಈಗಿನ ಸಮರ್ಥನೆಯೂ ಇವರದು.

"ಅವರಿಗೆ ಮರೆತುಹೋಗಿದೆ ಮೇಡಂ. ನನಗೆ ಬಾಯಿಪಾಠ ಇದೆ," ಅಂದರು.

ಪತ್ರಕರ್ತರ ಬಳಿ ಹೋಗಬೇಡಿ ಎಂದು ನೇರವಾಗಿಯೇ ಹೇಳಿದೆ. ಒಳಗುಟ್ಟು ಹೊರಹಾಕಿದವರ ಕೈಗೆ ಮತ್ತೊಬ್ಬ ನಾಯಕ ಭಾಷಣ ಕೊಡುವುದು ಕಷ್ಟ. ಮೇಲಾಗಿ, ಇವರ ನೋವಿಗೂ ಆ ಸಂದರ್ಶನಕ್ಕೂ ನಂಟು ಕಡಿಮೆ.

ನಾಯಕರೊಡನೆ ಕೂತು ಮಾತಾಡಿ ಎಷ್ಟು ದಿನವಾಯಿತು ಎಂದು ಕೇಳಿದರೆ ಲೆಕ್ಕವೇ ಸಿಗಲಿಲ್ಲ. ಆಪ್ತ ಕಾರ್ಯದರ್ಶಿ ವಾಟ್ಸ್‌ಆಪ್‌ನಲ್ಲಿ ಅಂಶಗಳನ್ನು ಕಳಿಸುತ್ತಾರೆ, ಇವರು ಹಿಗ್ಗಿಸುತ್ತಾರೆ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್‌ಗೆ ಬರ್ಲಿನ್ ಭಾಷಣ ಬರೆದ ಪೀಟರ್ ರಾಬಿನ್ಸನ್ ಮೊದಲು ಆ ಊರಿಗೇ ಹೋಗಿ ಜನರ ಮಾತು ಕೇಳಿದ್ದರು. ನಗರವನ್ನು ಸೀಳಿದ್ದ ಗೋಡೆಯನ್ನು ಕೆಡವಿ ಎಂಬ ಸಾಲನ್ನು ವಿದೇಶಾಂಗ ಇಲಾಖೆಯವರು ತೆಗೆಸಲು ಪಟ್ಟುಹಿಡಿದರೂ ಅದು ಉಳಿದದ್ದು, ಸ್ವತಃ ರೇಗನ್‌ಗೆ ಬೇಕಾಗಿತ್ತು ಎಂಬ ಕಾರಣಕ್ಕೆ. ಹಾಗಾಗಿ ಮೊದಲ ಸಲಹೆ: ಬರೆಯುವ ಮುನ್ನ ನಾಯಕರ ಅರ್ಧ ಗಂಟೆ ಕೇಳಿ ಪಡೆಯಿರಿ. ಮುಂದಿನ ಕರಡಿನಲ್ಲಿ "ಮಾತು ಕೊಟ್ಟಿದ್ದೆವು, ಉಳಿಸಿಕೊಳ್ಳಲಾಗಲಿಲ್ಲ" ಎಂದು ಬರೆದೇ ಕೊಡಿ. ಅದನ್ನು ಯಾರು ಹೊಡೆದುಹಾಕುತ್ತಾರೆ, ಏನು ಕಾರಣ ಕೊಡುತ್ತಾರೆ ನೋಡಿ. ಅಲ್ಲಿ ಇರಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಅದು ಸಾಕಷ್ಟು ಆಧಾರ.

ಹಣದ ಮಾತನ್ನೂ ಆಡಿದೆವು. ಸಂಬಳ ನಿಲ್ಲುವ ಭಯವಿದ್ದವರಿಗೆ ಧೈರ್ಯದ ಪಾಠ ಹೇಳಿ ಫಲವಿಲ್ಲ. ನಾಯಕರ ಅಧಿಕಾರ ಮುಗಿದರೆ ಈ ಕೆಲಸವೂ ಮುಗಿಯುತ್ತದೆ. ತೋರಿಸೋಣವೆಂದರೆ ಬರಹದ ಮೇಲೆ ಹೆಸರಿಲ್ಲ. ಸಂಬಂಧ ಚೆನ್ನಾಗಿರುವಾಗಲೇ, ಯಾವ ಭಾಷಣಗಳನ್ನು ಮಾದರಿಯಾಗಿ ತೋರಿಸಬಹುದೆಂದು ಲಿಖಿತ ಒಪ್ಪಿಗೆ ಪಡೆಯಲು ಹೇಳಿದೆ. ನಿದ್ದೆಗೆ ವೈದ್ಯರ ಬಳಿ ಕಳಿಸಿದೆ.

ಅರ್ಧ ಗಂಟೆ ಸಿಕ್ಕಿತು. ಆ ವಾಕ್ಯವನ್ನು ಹೊಡೆದುಹಾಕಿದ್ದು ಕಾರ್ಯದರ್ಶಿಯಲ್ಲ, ನಾಯಕರೇ. ಲಿಖಿತ ಒಪ್ಪಿಗೆಯನ್ನೂ ಈಕೆ ಅಂದೇ ಪಡೆದುಕೊಂಡರಂತೆ. ಈಗ ಬೇರೆ ಕಡೆ ಅರ್ಜಿ ಹಾಕಿದ್ದಾರೆ.