ಗಡಿಗೆಯ ಬೆನ್ನು, ಗೋಡೆಯ ಮೈ: ತಿಂಗಳ ಮೆಚ್ಚಿನವುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯ ‘ತಿಂಗಳ ಮೆಚ್ಚು’ ಪುಟದಲ್ಲಿ ನಾಲ್ಕು ಹೆಸರಿದ್ದವು: ಉತ್ತರ ಕನ್ನಡದ ತೊಡೆದೇವು (ಅಕ್ಕಿ, ಕಬ್ಬಿನ ಹಾಲಿನ ಹಿಟ್ಟನ್ನು ಬೋರಲು ಗಡಿಗೆಯ ಮೇಲೆ ತೆಳುವಾಗಿ ಬಳಿದು ಮಾಡುವ ಗರಿಗರಿ ಸಿಹಿತಿಂಡಿ), ಸಾಗರ–ಸೊರಬ ಕಡೆಯ ಗೋಡೆಚಿತ್ರ ಹಸೆ ಚಿತ್ತಾರ, ಚನ್ನಪಟ್ಟಣದ ಅರಗಿನ ಆಟಿಕೆ, ಮತ್ತೆ ಹೊಸದಾಗಿ ಸಂಸ್ಕರಿಸಿದ ‘ಘಟಶ್ರಾದ್ಧ’ ಸಿನಿಮಾ. ಪತ್ರಗಳು ಹೆಚ್ಚು ಬಂದದ್ದು ತೊಡೆದೇವಿಗೆ, ಜಾಗವೂ ಅದಕ್ಕೇ ಹೆಚ್ಚು.

ಪ್ರಶ್ನೆ: ತೊಡೆದೇವು ಮಾಡಲು ಹೋಗಿ ಮೂರು ಸಲ ಸೋತೆ. ಒಮ್ಮೆ ಗಡಿಗೆಗೆ ಅಂಟಿಕೊಂಡಿತು, ಒಮ್ಮೆ ಬರೀ ತೂತು, ಇನ್ನೊಮ್ಮೆ ಚೆನ್ನಾಗಿ ಎದ್ದರೂ ಮಡಚುವಾಗ ಪುಡಿಯಾಯಿತು. ಕಬ್ಬಿನ ಹಾಲು ಅಂಗಡಿಯದು. ತಪ್ಪೆಲ್ಲಿ? (ದಾವಣಗೆರೆಯ ಓದುಗರು)

ಉತ್ತರ: ಮೂರೂ ಬೇರೆ ಬೇರೆ ತಪ್ಪು. ಮೊದಲು ಅಳತೆ ನೋಡಿ. ಒಂದು ಲೋಟ ದೋಸೆ ಅಕ್ಕಿಯನ್ನು 4 ತಾಸು ನೆನೆಸಿ, ನೀರು ಪೂರ್ತಿ ಬಸಿದು, ಕಬ್ಬಿನ ಹಾಲನ್ನೇ ಸ್ವಲ್ಪ ಸ್ವಲ್ಪ ಹಾಕುತ್ತ ರುಬ್ಬಿ. ಬೆರಳ ನಡುವೆ ತಿಕ್ಕಿದರೆ ತರಿ ಸಿಗಬಾರದು. ತೂತು ಬೀಳುವುದಕ್ಕೆ ಅರ್ಧ ಕಾರಣ ಈ ತರಿಯೇ. ಆಮೇಲೆ ಉಳಿದ ಹಾಲು ಸೇರಿಸಿ ನೀರುದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒಟ್ಟು ಸುಮಾರು 2 ಲೋಟ ಹಾಲು ಹಿಡಿಯುತ್ತದೆ. ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಹಿಟ್ಟು ತಳಕ್ಕೆ ಕೂರುತ್ತದೆ, ಪ್ರತಿ ಸಲ ಅದ್ದುವ ಮೊದಲು ಕಲಕಲೇಬೇಕು. ಇಲ್ಲದಿದ್ದರೆ ಮೊದಲ ನಾಲ್ಕು ಬರೀ ಸಿಹಿನೀರು, ಕೊನೆಯ ನಾಲ್ಕು ದಪ್ಪ ದೋಸೆ.

ಅಂಟಿಕೊಂಡದ್ದಕ್ಕೆ ಅಂಗಡಿಯ ಹಾಲನ್ನೇ ಅನುಮಾನಿಸಬೇಕು. ಅದಕ್ಕೆ ನಿಂಬೆ, ಶುಂಠಿ, ಐಸ್ ಎಲ್ಲ ಬಿದ್ದಿರುತ್ತದೆ. ನಿಂಬೆಯ ಹುಳಿ ಬಿಸಿಯಲ್ಲಿ ಸಕ್ಕರೆಯನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತದೆ. ಇವು ಗಾಳಿಯ ತೇವ ಎಳೆದುಕೊಳ್ಳುತ್ತವೆ, ಗರಿಗರಿ ಆಗಲು ಬಿಡುವುದಿಲ್ಲ. ‘ಏನೂ ಹಾಕದೆ ಹಿಂಡಿ ಕೊಡಿ’ ಎಂದು ಹೇಳಿ ತನ್ನಿ, ಅಂದೇ ಬಳಸಿ. ಬೆಳಗಿನದು ಸಂಜೆಗೆ ಹುಳಿ ಬಂದಿರುತ್ತದೆ.

ಇನ್ನು ಕಾವು. ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ. ಹನಿ ಕುಣಿದು ಎರಡು ಕ್ಷಣದಲ್ಲಿ ಆರಬೇಕು. ಬಿದ್ದ ಕೂಡಲೇ ಸಿಡಿದು ಮಾಯವಾದರೆ ಕಾವು ಜಾಸ್ತಿ: ಹಿಟ್ಟು ಹರಡುವ ಮೊದಲೇ ಕುದಿದು ಗುಳ್ಳೆ ಒಡೆಯುತ್ತದೆ, ತೂತಿಗೆ ಉಳಿದರ್ಧ ಕಾರಣ ಅದು. ಕೋಲಿಗೆ ಕಟ್ಟಿದ ತೆಳು ಹತ್ತಿ ಬಟ್ಟೆಯನ್ನು ಹಿಟ್ಟಿಗೆ ಅದ್ದಿ, ಎಡದಿಂದ ಬಲಕ್ಕೆ ಒಂದೇ ಬೀಸಿಗೆ ತೊಡೆಯಿರಿ. ‘ತೊಡೆ’ ಅಂದರೇ ಬಳಿ, ಸವರು. ಸೌಟಿನಲ್ಲಿ ಹೊಯ್ಯುವ ತಿಂಡಿಯಲ್ಲ ಇದು. ತೊಡೆದ ಜಾಗವನ್ನೇ ಮತ್ತೆ ತಿಕ್ಕಿದರೆ ಅರೆಬೆಂದ ಪದರ ಬಟ್ಟೆಯೊಂದಿಗೇ ಎದ್ದು ಬರುತ್ತದೆ.

ಮಡಚುವ ವಿಷಯಕ್ಕೆ ಬಂದರೆ, ಅಂಚು ಗಡಿಗೆ ಬಿಟ್ಟು ಮೇಲೇಳುವುದೇ ಸೂಚನೆ. ಆಗ ಅದಿನ್ನೂ ಬಟ್ಟೆಯಂತೆ ಮೆತ್ತಗಿರುತ್ತದೆ. ಗಡಿಗೆಯ ಮೇಲಿರುವಾಗಲೇ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ ತೆಗೆಯಿರಿ. ತಟ್ಟೆಗೆ ಹಾಕಿ ಮಡಚುತ್ತೇನೆ ಎಂದರೆ ಪುಡಿಯೇ ಗತಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ. ತಿನ್ನಲು ಬಿಸಿಹಾಲು, ತುಪ್ಪ.

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಗಡಿಗೆ ಇಲ್ಲ, ಕಬ್ಬೂ ಇಲ್ಲ, ಒಲೆ ಕರೆಂಟಿನದು.

ಉತ್ತರ: ಕಬ್ಬಿನ ಹಾಲಿನಲ್ಲಿ 100ಕ್ಕೆ 15ರಿಂದ 20 ಭಾಗ ಸಕ್ಕರೆ. ಆ ಲೆಕ್ಕದಲ್ಲಿ ಒಂದು ಲೋಟ (200 ಮಿಲಿ) ಅಕ್ಕಿಗೆ 75 ಗ್ರಾಂ ಬೆಲ್ಲ, ಒಂದೂಮುಕ್ಕಾಲು ಲೋಟ ನೀರು. ಬೆಲ್ಲ ಕರಗಿಸಿ, ಸೋಸಿ, ಆರಿಸಿ ಬಳಸಿ. ಗ್ಯಾಸ್ ಒಲೆಯಿದ್ದರೆ ಕಬ್ಬಿಣದ ಬಾಣಲೆಯನ್ನು ಬೋರಲು ಹಾಕಬಹುದಿತ್ತು. ಚಪ್ಪಟೆ ಕರೆಂಟ್ ಒಲೆಯ ಕಾವು ಬೆನ್ನಿನ ತುದಿಯವರೆಗೆ ಏರುವುದಿಲ್ಲ. ಕಬ್ಬಿಣದ ಕಾವಲಿಯಲ್ಲೇ ಅಂಗೈಯಗಲ ತೊಡೆಯಿರಿ. ಆಕಾರ ಅಷ್ಟು ಚಂದ ಬಾರದು, ರುಚಿ ಬರುತ್ತದೆ.

ಪ್ರಶ್ನೆ: ಫ್ಲಾಟಿನ ಹಾಲ್‌ನ ಗೋಡೆಯ ಮೇಲೆ ಚಿತ್ತಾರ ಬರೆದೆ. ಬಿಳಿ ಎಳೆಗಳೆಲ್ಲ ವಾರದಲ್ಲೇ ಉದುರುತ್ತಿವೆ. ಅಕ್ಕಿಹಿಟ್ಟನ್ನೇ ಬಳಸಿದ್ದೆ.

ಉತ್ತರ: ಹಿಟ್ಟಿನದಲ್ಲ, ಗೋಡೆಯ ತಪ್ಪು. ಈ ಚಿತ್ತಾರದ ಪರಂಪರೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವುದು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ. ಮಣ್ಣು ಅಕ್ಕಿಯ ಗಂಜಿಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಎಮಲ್ಷನ್ ಪೇಂಟು ಪ್ಲಾಸ್ಟಿಕ್‌ನಂತೆ, ಏನನ್ನೂ ಹೀರುವುದಿಲ್ಲ. ಪ್ಲೈವುಡ್ ಹಲಗೆ ತಂದು, ಜರಡಿ ಹಿಡಿದ ಒಂದು ಬಟ್ಟಲು ಕೆಮ್ಮಣ್ಣಿಗೆ ಎರಡು ಚಮಚ ಮರ ಅಂಟಿಸುವ ಗೋಂದು ಕಲಸಿ, ತೆಳುವಾಗಿ ಎರಡು ಸಲ ಬಳಿದು ಒಣಗಿಸಿ.

ಎಳೆ ದಪ್ಪವಾಗಿದ್ದೂ ಇರಬಹುದು. ಹಸಿಯಿರುವಾಗ ಅಕ್ಕಿಯ ಬಿಳಿ ಕಾಣುವುದೇ ಇಲ್ಲ, ಒಣಗಿದ ಮೇಲೆ ಹೊಳೆದು ಬರುತ್ತದೆ. ಹೊಸಬರು ಕಾಣಲಿಲ್ಲವೆಂದು ಮೇಲೆ ಮೇಲೆ ಬಳಿಯುತ್ತಾರೆ. ಅದೇ ಬಿರಿದು ಉದುರುವುದು. ರಾತ್ರಿ ನೆನೆಸಿದ ಅಕ್ಕಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದುಕೊಳ್ಳಿ. ಕುಂಚಕ್ಕೆ ಪುಂಡಿ ನಾರಿನ ತುದಿ ಜಜ್ಜಿದರೆ ಸಾಕು. ಕಪ್ಪಿಗೆ ಅಕ್ಕಿಯನ್ನೇ ಕರಿಯಾಗುವಷ್ಟು ಹುರಿದು ಅರೆಯುತ್ತಾರೆ, ಹಳದಿ ಗುರಿಗೆ ಕಾಯಿಯದು. ತೇವದ ಗೋಡೆಗೆ ತೂಗುಹಾಕಬೇಡಿ, ಗಂಜಿಗೆ ಬೂಷ್ಟು ಬೇಗ.

ಪ್ರಶ್ನೆ: ‘ಘಟಶ್ರಾದ್ಧ’ ಟಿವಿಯಲ್ಲಿ ಹಾಕಿದರೆ ಧಾರಾವಾಹಿಯಂತೆ ಕಾಣುತ್ತದೆ. ಪ್ರತಿಯೇ ಹಾಗಿದೆಯೇ?

ಉತ್ತರ: ಅಲ್ಲ. ಗಿರೀಶ ಕಾಸರವಳ್ಳಿಯವರ ಈ 1977ರ ಕಪ್ಪು-ಬಿಳುಪು ಚಿತ್ರದ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಧಾರಾವಾಹಿ ಮಾಡುತ್ತಿರುವುದು ನಿಮ್ಮ ಟಿವಿ. ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಸ್ಮೂದಿಂಗ್ (ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಸೌಲಭ್ಯ) ಆಫ್ ಮಾಡಿ, ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್ ಇಡಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ, ಚಿತ್ರ ಹಿಗ್ಗಿಸಬೇಡಿ. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ನೆರಳು-ಬೆಳಕು ನೋಡಲು ಕೋಣೆಯ ದೀಪವನ್ನೂ ಆರಿಸಿ.

ಪ್ರಶ್ನೆ: ಚನ್ನಪಟ್ಟಣದ ಗಿಲಕಿಯನ್ನು ಸ್ಯಾನಿಟೈಸರ್‌ನಲ್ಲಿ ಒರೆಸಿದೆ. ಬಣ್ಣ ಕೈಗೆ ಬಂತು. ನಕಲಿಯೇ?

ಉತ್ತರ: ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಗಾಗಿ ಅಸಲಿಯೂ ಹೀಗೇ ಮಾಡುತ್ತದೆ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೇ ಕರಗಿ ಹತ್ತುವ ಬಣ್ಣ ಅದು. ಬಿಸಿನೀರು, ಬಿಸಿಲು ಬಿದ್ದ ಕಾರು ಎರಡೂ ಅದಕ್ಕೆ ಆಗದು. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆ. ಮಂಕಾದ ಜಾಗವನ್ನು ಒಣ ತಾಳೆಗರಿಯಲ್ಲಿ ಬಿರುಸಾಗಿ ಉಜ್ಜಿದರೆ ಹೊಳಪು ಒಂದಿಷ್ಟು ಮರಳುತ್ತದೆ. ಮರ ಕಾಣುವಷ್ಟು ಬಣ್ಣ ಹೋಗಿದ್ದರೆ ಮತ್ತೆ ಮರ ತಿರುಗಿಸುವ ಕಡೆತದ ಯಂತ್ರಕ್ಕೇ ಏರಿಸಬೇಕು.