ಬೆರಳಿಗೆ ಪಿಯಾನೊ ಅನ್ನಿಸಬೇಕು: ಸ್ಟೇಜ್ ಪಿಯಾನೊ ಆಯ್ಕೆಯ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಚಿಕ್ಕಂದಿನಲ್ಲಿ ಚರ್ಚಿನ ಹಳೆಯ ಅಪ್‌ರೈಟ್ ಪಿಯಾನೊದಲ್ಲಿ ಕಲಿತವನು ನಾನು. ಈಗ ಗಾಯನವೃಂದದ ಜೊತೆಗೂ ಆರತಕ್ಷತೆಗಳಲ್ಲಿಯೂ ನುಡಿಸುತ್ತೇನೆ. ಒಬ್ಬನೇ ಎತ್ತಿ ಕಾರಿಗೆ ಹಾಕಿಕೊಳ್ಳುವಂಥ ಡಿಜಿಟಲ್ ಸ್ಟೇಜ್ ಪಿಯಾನೊ ಬೇಕಾಗಿದೆ. ಅಂಗಡಿಯವರು ಎಷ್ಟು ಟೋನ್‌ಗಳಿವೆ, ಪಾಲಿಫೊನಿ (ಒಟ್ಟಿಗೆ ಮೊಳಗಬಲ್ಲ ಸ್ವರಗಳು) ಎಷ್ಟು ಎಂದಷ್ಟೇ ಹೇಳುತ್ತಾರೆ. ನಿಜವಾದ ಪಿಯಾನೊದ ನಾದ ಮತ್ತು ಸ್ಪರ್ಶ ಸಿಗಬೇಕಾದರೆ ಏನನ್ನು ನೋಡಬೇಕು? (ಮಂಗಳೂರಿನ ಓದುಗರು)

ಉತ್ತರ: ಟೋನ್‌ಗಳ ಸಂಖ್ಯೆಯನ್ನು ಸದ್ಯಕ್ಕೆ ಮರೆತುಬಿಡಿ. ಪಾಲಿಫೊನಿಯ ಲೆಕ್ಕವೂ ಅಷ್ಟೇ. 128 ಇದ್ದರೆ ನಿಮ್ಮ ಕೆಲಸಕ್ಕೆ ಸಾಕು. ಮೊದಲು ನೋಡಬೇಕಾದದ್ದು ಕೀಗಳನ್ನು. ಏಕೆಂದರೆ ವಾದ್ಯದೊಳಗಿನ ನಾದ ಹಿಡಿಸದಿದ್ದರೆ ನಾಳೆ ಲ್ಯಾಪ್‌ಟಾಪ್ ಜೋಡಿಸಿ ಬೇರೆ ನಾದವನ್ನು ತಂದುಕೊಳ್ಳಬಹುದು, ಆದರೆ ಕೀಬೋರ್ಡಿನ ಯಂತ್ರಭಾಗವನ್ನು ಯಾರೂ ಬದಲಿಸಿಕೊಡುವುದಿಲ್ಲ.

ತಂತಿಗಳು ನೆಟ್ಟಗೆ ನಿಂತಿರುವ, ನೀವು ಕಲಿತ ಅಪ್‌ರೈಟ್‌ನಲ್ಲಿ ಕೀ ಒತ್ತಿದಾಗ ಸುತ್ತಿಗೆಗಳು ಎದುರಿಗಿರುವ ತಂತಿಗೆ ಮುಂಬಾಗಿ ಹೊಡೆಯುತ್ತವೆ. ಅವುಗಳನ್ನು ಹಿಂದಕ್ಕೆ ತರಲು ಸ್ಪ್ರಿಂಗ್ ಮತ್ತು ಪಟ್ಟಿಗಳ ನೆರವು ಬೇಕು. ತಂತಿಗಳು ಅಡ್ಡಲಾಗಿ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ ಸುತ್ತಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದು ತನ್ನ ತೂಕದಿಂದಲೇ ಕೆಳಗೆ ಬೀಳುತ್ತದೆ. ಡಿಜಿಟಲ್ ವಾದ್ಯಗಳ ಹ್ಯಾಮರ್ ಆಕ್ಷನ್ (ಕೀಗಳಿಗೆ ಸುತ್ತಿಗೆಯ ಭಾರ ಕೊಡುವ ಯಂತ್ರಭಾಗ) ಬಹುಮಟ್ಟಿಗೆ ಈ ಎರಡನೆಯದನ್ನೇ ಅನುಕರಿಸುತ್ತದೆ. ಹಾಗಾಗಿ ಹಳೆಯ, ಸವೆದ ಅಪ್‌ರೈಟ್‌ಗೆ ಒಗ್ಗಿದ ಬೆರಳುಗಳಿಗೆ ಮೊದಲ ಹತ್ತು ನಿಮಿಷ ಯಾವ ಒಳ್ಳೆಯ ಸ್ಟೇಜ್ ಪಿಯಾನೊ ಆದರೂ ತುಸು ಭಾರವೆನಿಸುತ್ತದೆ. ಆ ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬರಬೇಡಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹತ್ತು ರೂಪಾಯಿಯ ನಾಣ್ಯಗಳನ್ನು ಇಟ್ಟುಕೊಂಡು ಹೋಗಿ. ಎರಡು ಲೋಹದ ಆ ನಾಣ್ಯದ ತೂಕ ಸುಮಾರು 7.7 ಗ್ರಾಂ. ನಿಜವಾದ ಪಿಯಾನೊದಲ್ಲಿ ನಡುವಿನ ಕೀಯನ್ನು ನಿಧಾನವಾಗಿ ಕೆಳಗಿಳಿಸಲು 50 ಗ್ರಾಂ ಆಸುಪಾಸಿನ ತೂಕ ಬೇಕಾಗುತ್ತದೆ. ನಡುವಿನ ಬಿಳಿ ಕೀಯ ಮುಂದಂಚಿನಲ್ಲಿ ನಾಣ್ಯಗಳನ್ನು ಒಂದರ ಮೇಲೊಂದು ಇಡುತ್ತ ಹೋದರೆ ಆರನೆಯ ಅಥವಾ ಏಳನೆಯ ನಾಣ್ಯಕ್ಕೆ ಕೀ ಮೆಲ್ಲಗೆ ಇಳಿಯಬೇಕು. ನಾಲ್ಕಕ್ಕೇ ಇಳಿದರೆ ಅದು ಹಗುರವಾದ ಕೀಬೋರ್ಡು. ಹತ್ತು ಇಟ್ಟರೂ ಅಲುಗದಿದ್ದರೆ ಎರಡು ಗಂಟೆಗಳ ಕಾರ್ಯಕ್ರಮದ ಕೊನೆಯಲ್ಲಿ ಮುಂಗೈ ನೋಯುತ್ತದೆ. ಇದನ್ನೇ ಎಡತುದಿಯಲ್ಲೂ ಬಲತುದಿಯಲ್ಲೂ ಮಾಡಿ ನೋಡಿ. ಮಂದ್ರದ ಸುತ್ತಿಗೆಗಳು ದೊಡ್ಡವು, ತಾರದವು ಚಿಕ್ಕವು; ಆದ್ದರಿಂದ ಎಡಗಡೆ ಹೆಚ್ಚು ನಾಣ್ಯ, ಬಲಗಡೆ ಕಡಿಮೆ ನಾಣ್ಯ ಬೇಕಾಗುವ ವಾದ್ಯವೇ ಪಿಯಾನೊದ ನಡವಳಿಕೆಗೆ ಹತ್ತಿರ. ಅಂಗಡಿಯ ಹುಡುಗರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ನಾಣ್ಯಗಳು ಹೇಳದ ಸಂಗತಿಯೊಂದಿದೆ. ಕಪ್ಪು ಕೀಗಳಿರುವ ಸ್ವರಮೇಳವನ್ನು ಹಿಡಿದಾಗ ಹೆಬ್ಬೆರಳು ಬಿಳಿ ಕೀಯ ಮುಂದಂಚಿನಲ್ಲಿ ಉಳಿಯದೆ ಕಪ್ಪು ಕೀಗಳ ನಡುವಿನ ಸಂದಿಗೆ ನುಗ್ಗುತ್ತದೆ. ಗ್ರ್ಯಾಂಡ್ ಪಿಯಾನೊದ ಕೀ ನಮಗೆ ಕಾಣುವುದಕ್ಕಿಂತ ಬಹಳ ಉದ್ದ. ಅದರ ಆನಿಕೆ (ಕೀ ತೂಗುವ ಬಿಂದು) ದೂರದಲ್ಲಿರುವುದರಿಂದ ಒಳಗೆ ಒತ್ತಿದರೂ ಬಹಳ ಬಿಗಿ ಎನಿಸುವುದಿಲ್ಲ. ಹಗುರವಾದ ಡಿಜಿಟಲ್ ವಾದ್ಯಗಳಲ್ಲಿ ಕೀ ಗಿಡ್ಡ, ಆನಿಕೆ ಹತ್ತಿರ. ಅಲ್ಲಿ ಒಳಗಡೆ ಮೃದುವಾಗಿ ಒತ್ತಿದರೆ ಸ್ವರವೇ ಹೊರಡದೆ ಹೋಗಬಹುದು. ಬಿಳಿ ಕೀಯೊಂದನ್ನು ಮುಂದಂಚಿನಲ್ಲಿ ಒಮ್ಮೆ, ತೀರ ಒಳಗಡೆ ಒಮ್ಮೆ, ಒಂದೇ ಬಲದಿಂದ ಒತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಉದ್ದದ ಮರದ ಕೀಗಳಿರುವ ಕವಾಯ್ ಎಂಪಿ11ಎಸ್‌ಇ ಈ ವಿಷಯದಲ್ಲಿ ಮೆಚ್ಚುವಂಥದ್ದು, ಆದರೆ ಅದರ ತೂಕ 30 ಕಿಲೋ ದಾಟುತ್ತದೆ. ಒಬ್ಬರೇ ಮೆಟ್ಟಿಲು ಹತ್ತಿಸುವ ವಾದ್ಯ ಅದಲ್ಲ.

ಮೂರನೆಯ ಪರೀಕ್ಷೆ ಮರುಹೊಡೆತದ್ದು. ಕೀ ಪೂರ್ತಿ ಮೇಲೆ ಬರುವ ಮುನ್ನವೇ ಅದೇ ಸ್ವರವನ್ನು ಮತ್ತೆ ನುಡಿಸಲು ಅನುವಾಗುವ ಯಾಂತ್ರಿಕ ವ್ಯವಸ್ಥೆಯನ್ನು ರೂಪಿಸಿದವನು ಫ್ರೆಂಚ್ ಪಿಯಾನೊ ತಯಾರಕ ಸೆಬಾಸ್ಟಿಯನ್ ಎರಾರ್; ಅದಕ್ಕೆ 1821ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಗ್ರ್ಯಾಂಡ್‌ಗಳ ಚುರುಕಿನ ಮೂಲ ಅದು. ಡಿಜಿಟಲ್ ವಾದ್ಯಕ್ಕೆ ನಿಮ್ಮ ಬೆರಳಿನ ಬಲ ಗೊತ್ತಾಗುವುದಿಲ್ಲ. ಕೀಯ ಹಾದಿಯಲ್ಲಿರುವ ಒಂದು ಸೆನ್ಸರಿನಿಂದ ಇನ್ನೊಂದನ್ನು ತಲುಪಲು ಹಿಡಿದ ಸಮಯವನ್ನು ಅಳೆದು, ಸಮಯ ಕಡಿಮೆಯಾದಷ್ಟೂ ಸ್ವರವನ್ನು ಜೋರಾಗಿಸುತ್ತದೆ, ಅಷ್ಟೇ. ಎರಡೇ ಸೆನ್ಸರ್‌ಗಳಿದ್ದರೆ ಮರುಹೊಡೆತಕ್ಕೆ ಕೀಯನ್ನು ಬಹುತೇಕ ಪೂರ್ತಿ ಬಿಡಬೇಕು. ಮೂರು ಸೆನ್ಸರ್‌ಗಳಿದ್ದರೆ ಅರ್ಧದಿಂದಲೇ ಮತ್ತೆ ಒತ್ತಬಹುದು, ಹಿಂದಿನ ಸ್ವರವೂ ತುಂಡಾಗುವುದಿಲ್ಲ. ಮೂರು ಸೆನ್ಸರ್ ಇಲ್ಲದ ವಾದ್ಯವನ್ನು ನಾನಂತೂ ಪಿಯಾನೊ ಬಲ್ಲವರಿಗೆ ಶಿಫಾರಸು ಮಾಡುವುದಿಲ್ಲ.

ಇನ್ನು ನಾದ. ಹೆಚ್ಚಿನ ವಾದ್ಯಗಳಲ್ಲಿರುವುದು ಸ್ಯಾಂಪ್ಲಿಂಗ್, ಅಂದರೆ ನಿಜವಾದ ಪಿಯಾನೊದ ಸ್ವರಗಳನ್ನು ಬೇರೆ ಬೇರೆ ಬಲದಲ್ಲಿ ನುಡಿಸಿ ಧ್ವನಿಮುದ್ರಿಸಿ ಇಟ್ಟಿರುವುದು. ಇನ್ನೊಂದು ದಾರಿ ಮಾಡೆಲಿಂಗ್. ಅದರಲ್ಲಿ ಮುದ್ರಿತ ಸ್ವರಗಳಿಗೆ ಬದಲಾಗಿ ತಂತಿ, ಸುತ್ತಿಗೆ, ಹಲಗೆಗಳ ವರ್ತನೆಯನ್ನು ಲೆಕ್ಕ ಹಾಕಿ ನಾದವನ್ನು ಆ ಕ್ಷಣದಲ್ಲೇ ಹುಟ್ಟಿಸುತ್ತಾರೆ. ರೋಲಂಡ್ ಕಂಪನಿ 2009ರ ವಿ-ಪಿಯಾನೊದಲ್ಲಿ ಈ ದಾರಿ ಹಿಡಿಯಿತು. 2017ರ ಆರ್‌ಡಿ-2000ದಲ್ಲಿ ಎರಡೂ ಬಗೆಗಳಿವೆ. ಮಾಡೆಲಿಂಗ್‌ನಲ್ಲಿ ಮೃದುವಿನಿಂದ ಗಡಸಿಗೆ ಏರುವಾಗ ಮೆಟ್ಟಿಲು ಕಾಣುವುದಿಲ್ಲ, ಆದರೆ ತಾರಸ್ಥಾಯಿ ಕೆಲವರ ಕಿವಿಗೆ ಗಾಜಿನಂತೆ ಕೇಳುತ್ತದೆ. ಯಾವುದು ಮೇಲು ಎಂದು ಕಾಗದ ನೋಡಿ ಹೇಳುವಂತಿಲ್ಲ. ನಿಮ್ಮದೇ ಹೆಡ್‌ಫೋನ್ ಒಯ್ದು ಮಂದ್ರದ ಒಂದು ಸ್ವರವನ್ನು ಗಟ್ಟಿಯಾಗಿ ಹೊಡೆದು ಅರ್ಧ ನಿಮಿಷ ಕೀ ಬಿಡದೆ ಕೇಳಿ. ನಿಜವಾದ ತಂತಿಯ ನಾದ ಆರುತ್ತ ಹೋದಂತೆ ಬಣ್ಣ ಬದಲಿಸುತ್ತದೆ. ಅಗ್ಗದ ಸ್ಯಾಂಪಲ್ ಕೆಲವೇ ಕ್ಷಣಗಳಲ್ಲಿ ಒಂದೇ ತುಣುಕನ್ನು ಸುತ್ತಿಸತೊಡಗಿ ಹಾರ್ಮೋನಿಯಂ ಎಳೆದಂತೆ ಚಪ್ಪಟೆಯಾಗುತ್ತದೆ. ಆಮೇಲೆ ಮೂರು ಕೀಗಳನ್ನು ಸದ್ದಾಗದಂತೆ ಒತ್ತಿ ಹಿಡಿದು, ಕೆಳಗಿನ ಷಡ್ಜವನ್ನು ತಟ್ಟಿ ಬಿಡಿ. ಹಿಡಿದ ಸ್ವರಗಳು ತಾವಾಗಿಯೇ ಅನುರಣಿಸಿದರೆ ಆ ವಾದ್ಯ ಮಾಡಿದವರು ಶ್ರಮಪಟ್ಟಿದ್ದಾರೆಂದು ತಿಳಿಯಬಹುದು.

ಪೆಡಲ್ ವಿಷಯದಲ್ಲಿ ಎಚ್ಚರ ಬೇಕು. ವಾದ್ಯದ ಜೊತೆ ಉಚಿತವಾಗಿ ಬರುವ ಚೌಕಾಕಾರದ ಪುಟ್ಟ ಪೆಡಲ್ ಸಾಮಾನ್ಯವಾಗಿ ಬರಿಯ ಸ್ವಿಚ್. ಅದರಲ್ಲಿ ಅರ್ಧ ಪೆಡಲ್, ಅಂದರೆ ಅರ್ಧ ಒತ್ತಿ ನಾದವನ್ನು ಅಷ್ಟಿಷ್ಟೇ ಎಳೆಯುವ ಅನುಕೂಲ, ಇಲ್ಲ. ಯಮಹಾ ವಾದ್ಯಕ್ಕೆ ಎಫ್‌ಸಿ3ಎ, ರೋಲಂಡ್ ವಾದ್ಯಕ್ಕೆ ಡಿಪಿ-10 ಪೆಡಲನ್ನು ಮೊದಲ ದಿನವೇ ಕೊಂಡುಬಿಡಿ. ಒಂದು ಕಂಪನಿಯದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಕೆಲವೊಮ್ಮೆ ತಿರುವುಮುರುವಾಗಿ, ಕಾಲು ಎತ್ತಿದಾಗ ಸ್ವರ ಎಳೆಯುತ್ತದೆ.

ವೇದಿಕೆಯಲ್ಲಿ ನಾದ ಕೆಡುವುದು ಬಹಳ ಸಲ ವಾದ್ಯದಿಂದಲ್ಲ, ವೈರಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಸಭಾಂಗಣದಲ್ಲಿ ನನ್ನ ಪಿಯಾನೊದ ಎಡ, ಬಲ ಎರಡೂ ವೈರುಗಳನ್ನು ಮೈಕ್‌ಸೆಟ್‌ನವರು ಮಿಕ್ಸರ್‌ಗೆ ಕೊಟ್ಟು, ಎರಡನ್ನೂ ಕೂಡಿಸಿ ಒಂದೇ ಮೊನೊ ಸಾಲಿಗೆ ಕಳುಹಿಸಿದ್ದರು. ಮನೆಯಲ್ಲಿ ಹೆಡ್‌ಫೋನಿನಲ್ಲಿ ತುಂಬುನಾದ ಕೊಡುತ್ತಿದ್ದ ವಾದ್ಯ ಅಂದು ನಡುಸ್ಥಾಯಿಯಲ್ಲಿ ಡಬ್ಬಿಯೊಳಗಿಂದ ಬಂದಂತೆ ಟೊಳ್ಳಾಗಿ ಕೇಳಿತು. ಅವರ ತಪ್ಪೆನ್ನುವಂತಿಲ್ಲ, ಸಭಾಂಗಣದ ಏರ್ಪಾಡೇ ಹಾಗಿತ್ತು. ಪಿಯಾನೊದ ಸ್ಟೀರಿಯೊ ಮುದ್ರಣವನ್ನು ಎರಡು ಕಡೆ ಇಟ್ಟ ಮೈಕುಗಳಿಂದ ಮಾಡಿರುತ್ತಾರೆ. ಒಂದೇ ಸ್ವರ ಎರಡಕ್ಕೂ ತುಸು ಹಿಂದುಮುಂದಾಗಿ ತಲುಪಿರುತ್ತದೆ. ಅವೆರಡನ್ನು ಕೂಡಿಸಿದಾಗ ಕೆಲವು ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಾಗಾಗಿ ಅಂಗಡಿಯಲ್ಲೇ ಒಂದೇ ಸ್ಪೀಕರಿನಲ್ಲಿ, ಮೊನೊದಲ್ಲಿ, ಕೇಳಿ ನೋಡುವುದನ್ನು ಮರೆಯಬೇಡಿ. ಕೆಲವು ಸ್ಟೇಜ್ ಪಿಯಾನೊಗಳಲ್ಲಿ ಮೊನೊಗಾಗಿಯೇ ಸಿದ್ಧಪಡಿಸಿದ ಟೋನ್ ಇರುತ್ತದೆ. ಇಲ್ಲದಿದ್ದರೆ ವಾದ್ಯಕ್ಕೆ ಎರಡೂ ವೈರು ಸಿಕ್ಕಿಸಿ ಮಿಕ್ಸರ್‌ಗೆ ಎಡಗಡೆಯದನ್ನು ಮಾತ್ರ ಕೊಡಿ; ಹರವು ಕಡಿಮೆಯಾದರೂ ನಾದ ಸ್ವಚ್ಛವಾಗಿರುತ್ತದೆ.

ಹೆಸರು ಹೇಳಿ ಎಂದು ನೀವು ಕೇಳುವುದು ಖಚಿತ. ಒಬ್ಬರೇ ಎತ್ತಬೇಕಾದ್ದರಿಂದ ನಾನು ಮೊದಲು ತೋರಿಸುವುದು 13.5 ಕಿಲೋ ತೂಗುವ ರೋಲಂಡ್ ಆರ್‌ಡಿ-88. ಅದರಲ್ಲಿ ಅಭ್ಯಾಸಕ್ಕೆ ಸಾಕಾಗುವ ಪುಟ್ಟ ಸ್ಪೀಕರ್‌ಗಳೂ ಇವೆ. ಬೆನ್ನು ಗಟ್ಟಿಯಾಗಿದ್ದರೆ 18.6 ಕಿಲೋದ ಯಮಹಾ ಸಿಪಿ88ರ ಮರದ ಬಿಳಿ ಕೀಗಳು ನಿಮ್ಮ ಅಪ್‌ರೈಟ್‌ನ ನೆನಪಿಗೆ ಇನ್ನೂ ಹತ್ತಿರ ಬರುತ್ತವೆ. ಆರ್‌ಡಿ-2000 ಸುಮಾರು 22 ಕಿಲೋ. ಅದಕ್ಕೆ ಗಟ್ಟಿ ಹೊರಪೆಟ್ಟಿಗೆಯ ತೂಕವನ್ನೂ ಕೂಡಿಸಿಕೊಂಡು ಯೋಚಿಸಿ. ಮಾದರಿಗಳು ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ, ನಾಣ್ಯಗಳ ಪರೀಕ್ಷೆ ಬದಲಾಗುವುದಿಲ್ಲ.

ಪ್ರಶ್ನೆ: ಸುಗಮ ಸಂಗೀತಕ್ಕೆ ಹನ್ನೆರಡು ವರ್ಷಗಳಿಂದ 61 ಕೀಗಳ ಕೀಬೋರ್ಡ್ ನುಡಿಸುತ್ತಿದ್ದೇನೆ. ಅದನ್ನು ಕೊಟ್ಟು ಸ್ಟೇಜ್ ಪಿಯಾನೊ ಕೊಳ್ಳಬೇಕೆಂಬ ಆಸೆ. ಸರಿಯೇ? (ಧಾರವಾಡದ ಓದುಗರು)

ಉತ್ತರ: ಕೊಳ್ಳಿ, ಆದರೆ ಹಳೆಯದನ್ನು ಕೊಡಬೇಡಿ. ಕೊಳಲಿನದೋ ಪಿಟೀಲಿನದೋ ಎಳೆತವನ್ನು ನೀವು ಇಂದು ಎಡಗೈಯಲ್ಲಿ ಪಿಚ್ ಬೆಂಡ್ ಚಕ್ರ ತಿರುಗಿಸಿ ತರುತ್ತಿದ್ದೀರಿ. ಮನೆಬಳಕೆಯ ಹಗುರ ಡಿಜಿಟಲ್ ಪಿಯಾನೊಗಳಲ್ಲಿ ಆ ಚಕ್ರವೇ ಇರುವುದಿಲ್ಲ. ಸ್ಟೇಜ್ ಪಿಯಾನೊಗಳಲ್ಲೂ ಎಲ್ಲದರಲ್ಲೂ ಇಲ್ಲವಾದ್ದರಿಂದ ಕೇಳಿಯೇ ಕೊಳ್ಳಬೇಕು. ಭಾರದ ಕೀಗಳ ಮೇಲೆ ತಂತಿವಾದ್ಯಗಳ ವೇಗದ ಬಿಟ್ ನುಡಿಸುವುದು ಹಗುರ ಕೀಗಳ ಮೇಲೆ ನುಡಿಸಿದಷ್ಟು ಸಲೀಸಲ್ಲ, ಮತ್ತು ಅದು ಅಭ್ಯಾಸದಿಂದ ಪೂರ್ತಿ ಹೋಗುವ ತೊಡಕೂ ಅಲ್ಲ. ಗಾಯಕರ ಶ್ರುತಿಗೆ ಎಲ್ಲ ಸ್ವರಗಳನ್ನೂ ಮನೆ ಮನೆಯಾಗಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಸಾಕು, ಆದರೆ ಜೊತೆಗಿರುವ ಹಾರ್ಮೋನಿಯಂ ತುಸು ಏರಿಯೋ ಇಳಿದೋ ಇದ್ದರೆ ಇಡೀ ವಾದ್ಯದ ಶ್ರುತಿಯನ್ನು ತುಸುವೇ ಸರಿಸುವ ಮಾಸ್ಟರ್ ಟ್ಯೂನಿಂಗ್ ಎಲ್ಲಿದೆಯೆಂದು ಕಾರ್ಯಕ್ರಮಕ್ಕೆ ಮೊದಲೇ ಹುಡುಕಿಟ್ಟುಕೊಳ್ಳಿ. ಭಾವಗೀತೆಯ ಪಲ್ಲವಿಗೆ ಪಿಯಾನೊ ಹಾಸಿ, ಮೇಲಿನ ಸ್ಟ್ಯಾಂಡಿನಲ್ಲಿರುವ ಹಳೆಯ ಕೀಬೋರ್ಡಿನಲ್ಲಿ ಕೊಳಲು ನುಡಿಸುವ ಏರ್ಪಾಡು ನಿಮಗೆ ಹೊಂದುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಭಾವ ಊರಿಗೆ ಬರುವಾಗ ಮಗಳಿಗೆ ಸ್ಟೇಜ್ ಪಿಯಾನೊ ತರುತ್ತೇನೆನ್ನುತ್ತಾರೆ. ಇಲ್ಲಿ ಬಳಸಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿದ್ದರೆ ಪಿನ್ ಬದಲಿಸಿದರಾಯಿತು. ದೊಡ್ಡ ವಾದ್ಯಗಳಲ್ಲಿ ವಿದ್ಯುತ್ ಭಾಗ ಒಳಗೇ ಇದ್ದು, ಕೆಲವು ಅಮೆರಿಕದ 120 ವೋಲ್ಟಿಗೆ ಮಾತ್ರ ಹೊಂದಿಸಿದಂಥವು. ಅಂಥದ್ದನ್ನು ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಹಿಂಬದಿಯ ಚೀಟಿಯ ಫೋಟೊ ತೆಗೆದು ಕಳುಹಿಸುವಂತೆ ಕೊಳ್ಳುವ ಮೊದಲೇ ಭಾವನವರಿಗೆ ಹೇಳಿ. ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೀಮಿತ. 88 ಕೀಗಳ ವಾದ್ಯವನ್ನು ವಿಮಾನದ ಲಗೇಜಿಗೆ ಹಾಕುವ ಖರ್ಚನ್ನೂ ಲೆಕ್ಕ ಹಾಕಿದರೆ ಇಲ್ಲಿ ಕೊಳ್ಳುವುದೇ ಸೋವಿಯಾಗಬಹುದು.

ಪ್ರಶ್ನೆ: ಬಳಸಿದ ಸ್ಟೇಜ್ ಪಿಯಾನೊ ಒಂದು ಸಿಕ್ಕಿದೆ. ಐದಾರು ಮಳೆಗಾಲ ಕಂಡದ್ದು. ಏನು ಪರೀಕ್ಷಿಸಲಿ? (ಸಾಗರದ ಓದುಗರು)

ಉತ್ತರ: ಕೀಗಳ ಕೆಳಗಿನ ರಬ್ಬರ್ ಪಟ್ಟಿಯ ಸಂಪರ್ಕಬಿಂದುಗಳ ಮೇಲೆ ಧೂಳು, ತೇವ ಕೂತರೆ ಸ್ವರ ಒಂದೋ ಹೊರಡುವುದಿಲ್ಲ, ಇಲ್ಲವೇ ಮೆಲ್ಲನೆ ಒತ್ತಿದರೂ ಕಿರುಚುತ್ತದೆ. ಎಡತುದಿಯಿಂದ 88 ಕೀಗಳನ್ನೂ ಒಂದೇ ಹದದಲ್ಲಿ, ಮೃದುವಾಗಿ, ಒಂದೊಂದಾಗಿ ನುಡಿಸುತ್ತ ಹೋಗಿ. ಜೋರಾಗಿ ನುಡಿಸಿದರೆ ಈ ದೋಷ ಅಡಗಿಕೊಳ್ಳುತ್ತದೆ. ಒಂದೆರಡು ಕೀ ಮಾತ್ರ ಹೀಗಿದ್ದರೆ ಬಿಚ್ಚಿ ಒರೆಸಿದರೆ ಬಹುತೇಕ ಸರಿಹೋಗುತ್ತದೆ, ಆ ನೆಪದಲ್ಲಿ ಬೆಲೆ ಇಳಿಸಿ ಕೇಳಿ. ಸಾಲಾಗಿ ಹತ್ತು ಹನ್ನೆರಡು ಕೀ ಕೈಕೊಟ್ಟಿದ್ದರೆ ರಬ್ಬರ್ ಪಟ್ಟಿಯೋ ಅದರ ಕೆಳಗಿನ ಬೋರ್ಡೋ ಹೋಗಿರುವ ಸಾಧ್ಯತೆ ಹೆಚ್ಚು. ಆ ಬಿಡಿಭಾಗ ಸಿಗುತ್ತದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿಗೆ ಮಾದರಿಯ ಹೆಸರು ಹೇಳಿ ವಿಚಾರಿಸುವವರೆಗೆ ಮುಂಗಡ ಕೊಡಬೇಡಿ.